ಕಾರಿಗೂ ಹಲ್ಲು ನೋಡಬೇಕು

"ಸಾ, ನನ್ ಮಗ ಬೆಂಗ್ಳೂರಲ್ಲಿ ಕಂಪ್ನಿ ಕೆಲ್ಸದಲ್ಲವ್ನೆ. ಅದೇನೋ ಸ್ಪೋರ್ಟ್ಸ್ ಕಾರಂತೆ, ಎರಡೇ ಸೀಟಂತೆ. ಸೆಕೆಂಡ್ ಹ್ಯಾಂಡು. ಬರೀ ಒಂಬತ್ತು ಸಾವ್ರ ಕಿಲೋಮೀಟ್ರು ಓಡಿರೋದಂತೆ. ಮೂವತ್ತೆಂಟು ಲಕ್ಷ ಅಂತವ್ರೆ. ತಕಬೋದಾ ಸಾ?"

ಹೆಮ್ಮರಗಾಲದ ರೈತರೊಬ್ಬರು ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಕರೆ ಮಾಡಿ ಕೇಳಿದ ಪ್ರಶ್ನೆ ಇದು. ಹೆಮ್ಮರಗಾಲ ಅಂದರೆ ನಂಜನಗೂಡು ತಾಲ್ಲೂಕಿನ ಊರು, ಮಕ್ಕಳ ಭಾಗ್ಯ ಬೇಡಿಕೊಂಡು ಜನ ಹೋಗುವ ಸಂತಾನ ವೇಣುಗೋಪಾಲಸ್ವಾಮಿಯ ಸನ್ನಿಧಿ. ಮಕ್ಕಳನ್ನು ದೇವರು ಕೊಡ್ತಾನೆ, ಆ ಮಕ್ಕಳು ಕೇಳೋದನ್ನು ಅಪ್ಪ ಕೊಡಿಸಬೇಕು. ಆ ಕಷ್ಟಕ್ಕೆ ನಮ್ಮ ಸ್ಟುಡಿಯೋಗೆ ಫೋನು.

ನಗುವ ವಿಷಯ ಅಲ್ಲ ವೀಕ್ಷಕರೇ. 38 ಲಕ್ಷದಲ್ಲಿ 26 ಲಕ್ಷಕ್ಕೆ ಮಗ ಸಾಲ ಮಾಡ್ತಾನೆ. ಉಳಿದ 12 ಲಕ್ಷಕ್ಕೆ ಅಪ್ಪ ರಸ್ತೆ ಪಕ್ಕದ 20 ಗುಂಟೆ ಮಾರಬೇಕು. ಕಾರು 2019ರದ್ದು, ಹೊಸದರಲ್ಲಿ ಶೋರೂಂ ಬೆಲೆ 65 ಲಕ್ಷ ಇತ್ತಂತೆ. ನಂಬರ್ ಪ್ಲೇಟ್ ಮಹಾರಾಷ್ಟ್ರದ್ದು. ನಿಂತಿರೋದು ಬೆಂಗಳೂರಿನ ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಯಾರ್ಡಿನಲ್ಲಿ. ಇಂಥದ್ದೇ ಕಾರು ಕರ್ನಾಟಕದ ನಂಬರಿನಲ್ಲಿ 45 ಲಕ್ಷಕ್ಕಿದೆ, ಇದು ಏಳು ಲಕ್ಷ ಅಗ್ಗ, ಬಿಟ್ಟರೆ ಸಿಗಲ್ಲ ಅಂತ ಮಗನ ವಾದ.

ನಾನು ಓದಿದ್ದು ಎಂಜಿನಿಯರಿಂಗ್. ಅದನ್ನು ಬಿಟ್ಟು ಮಾತಾಡುವ ಕೆಲಸಕ್ಕೆ ಬಂದೆ ಅಂತ ನಮ್ಮಮ್ಮನಿಗೆ ಇವತ್ತಿಗೂ ಬೇಸರ. ಅಪರೂಪಕ್ಕೆ ಓದಿದ್ದು ಉಪಯೋಗಕ್ಕೆ ಬಂತು. ಆದರೂ ಅವರಿಗೆ ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳಲಿಲ್ಲ, ತಿರುಗಿ ಒಂದು ಪ್ರಶ್ನೆ ಕೇಳಿದೆ. "ಯಜಮಾನ್ರೇ, ಎತ್ತು ತಗೊಂಡಿದ್ದೀರಾ?" "ಮುಡುಕುತೊರೆ ಜಾತ್ರೇಲಿ ಎಷ್ಟೋ ಜೊತೆ ತಂದಿವ್ನಿ ಸಾ." "ಮಾರೋನು ಎರಡು ಹಲ್ಲಿನ ಹೋರಿ ಅಂದ್ರೆ ನಂಬಿ ದುಡ್ಡು ಕೊಟ್ರಾ?" ಆ ಕಡೆಯಿಂದ ನಗು. "ಬಾಯ್ ತೆಗ್ಸಿ ನೋಡ್ದೆ ಯಾರ್ ಸಾ ಕೊಡ್ತಾರೆ?"

ಉತ್ತರ ಅಲ್ಲೇ ಇದೆ. ಟಿ. ನರಸೀಪುರ ತಾಲ್ಲೂಕಿನ ಮುಡುಕುತೊರೆ ಜಾತ್ರೆಯಲ್ಲಿ ಕೊಂಬಿಗೆ ಎಣ್ಣೆ ಹಚ್ಚಿ, ಮೈ ತಿಕ್ಕಿ, ಗೆಜ್ಜೆ ಕಟ್ಟಿ ನಿಲ್ಲಿಸಿದ ಎತ್ತಿನ ಅಂದ ಬೇರೆ, ವಯಸ್ಸು ಬೇರೆ ಅನ್ನೋದು ರೈತನಿಗೆ ಗೊತ್ತು. ಎರಡಲ್ಲು, ನಾಲ್ಕಲ್ಲು, ಆರಲ್ಲು, ಬಾಯಿಗೂಡಿದ್ದು ಅಂತ ಕೈಹಾಕಿ ಎಣಿಸ್ತಾನೆ. ದಲ್ಲಾಳಿ ಬಾಯಲ್ಲಿ ಹೇಳಿದ್ದು ಒಂದು ಮಾತು ಅಷ್ಟೇ, ಎತ್ತಿನ ಬಾಯಲ್ಲಿ ಇರೋದು ಸಾಕ್ಷಿ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹೊಳೆಯುವ 9,000 ಅನ್ನೋ ಸಂಖ್ಯೆಯೂ ದಲ್ಲಾಳಿ ಹೇಳಿದ ಮಾತಿನ ಹಾಗೆ. ಹಲ್ಲು ಬೇರೆ ಕಡೆ ಇದೆ.

ಮೊದಲು ಆ ಸಂಖ್ಯೆ ಎಲ್ಲಿಂದ ಬರುತ್ತೆ ನೋಡೋಣ. ಹಳೇ ಕಾರುಗಳಲ್ಲಿ ಕಿಲೋಮೀಟರ್ ಮೀಟರು ಹಲ್ಲುಚಕ್ರದ ಯಂತ್ರ, ಬಿಚ್ಚಿ ಹಿಂದಕ್ಕೆ ತಿರುಗಿಸುತ್ತಿದ್ದರು. ಈಗಿನದ್ದು ಡಿಜಿಟಲ್, ಹಾಗಾಗಿ ಮೋಸ ಆಗಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ. ಉಲ್ಟಾ. ಮೀಟರ್ ಬೋರ್ಡಿನೊಳಗೆ ಒಂದು ಸಣ್ಣ ಮೆಮೊರಿ ಚಿಪ್ ಇರುತ್ತೆ, ಆ ಅಂಕಿ ಅದರಲ್ಲಿ ಬರೆದಿರುತ್ತೆ. ಮೊಬೈಲ್ ಫೋನಿನಲ್ಲಿ ಒಂದು ಹೆಸರು ಅಳಿಸಿ ಇನ್ನೊಂದು ಹೆಸರು ಸೇವ್ ಮಾಡಿದ ಹಾಗೆ, ಸರಿಯಾದ ಸಲಕರಣೆ ಇದ್ದವನು ಅದನ್ನು ಅಳಿಸಿ ಬೇರೆ ಅಂಕಿ ಬರೆಯಬಹುದು. ಕೈಗೆ ಗ್ರೀಸ್ ಕೂಡ ಮೆತ್ತಿಕೊಳ್ಳಲ್ಲ. 60 ಸಾವಿರ ಓಡಿದ ಸ್ಪೋರ್ಟ್ಸ್ ಕಾರಿಗೂ 9 ಸಾವಿರ ಓಡಿದ್ದಕ್ಕೂ ಬೆಲೆಯಲ್ಲಿ ಲಕ್ಷಗಟ್ಟಲೆ ವ್ಯತ್ಯಾಸ. ಹತ್ತು ನಿಮಿಷದ ಕೆಲಸಕ್ಕೆ ಅಷ್ಟು ಆದಾಯ ಬೇರೆ ಯಾವ ಕಸುಬಿನಲ್ಲಿದೆ ಹೇಳಿ.

ಹಾಗಂತ ಕಡಿಮೆ ಓಡಿದ ಕಾರೆಲ್ಲ ಸುಳ್ಳು ಅಂತಲ್ಲ. ಸಾಮಾನ್ಯ ಕಾರಿಗೆ ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಆಸುಪಾಸು ಅಂತ ಮಾರುಕಟ್ಟೆಯಲ್ಲಿ ಲೆಕ್ಕ ಹಿಡೀತಾರೆ. ಸ್ಪೋರ್ಟ್ಸ್ ಕಾರು ಹಾಗಲ್ಲ. ಅದರ ಯಜಮಾನನ ಮನೆಯಲ್ಲಿ ಇನ್ನೂ ಎರಡು ಕಾರು ಇರ್ತವೆ, ಆಫೀಸಿಗೆ ಅವು. ಇದು ಭಾನುವಾರ ಬೆಳಗ್ಗೆ ನಂದಿಬೆಟ್ಟಕ್ಕೆ ಹೋಗಿ ಇಡ್ಲಿ ತಿಂದು ಬರೋದಕ್ಕೆ. ಆರು ವರ್ಷದಲ್ಲಿ ಒಂಬತ್ತು ಸಾವಿರ ಓಡಿರೋದು ಅಸಾಧ್ಯವೇನಲ್ಲ. ನಂಬುವ ಹಾಗಿದೆ, ಅದಕ್ಕೇ ಸುಳ್ಳು ಹೇಳೋದೂ ಸುಲಭ.

ಸರಿ, ಹಲ್ಲು ನೋಡೋಣ. ಟೈರಿನ ಪಕ್ಕದಲ್ಲಿ ಉದ್ದನೆಯ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತೆ. 2219 ಅಂತಿದ್ದರೆ 2019ನೇ ಇಸವಿಯ 22ನೇ ವಾರ ತಯಾರಾದ ಟೈರು. ಬರೀ 9 ಸಾವಿರ ಓಡಿದ 2019ರ ಕಾರಿನಲ್ಲಿ ಕಂಪನಿಯಿಂದ ಬಂದ ಟೈರೇ ಇರಬೇಕು. ಅದರ ಬದಲು 2023ರ ಟೈರು ಇದ್ದರೆ ಯಾಕೆ ಬದಲಾಯಿಸಿದ್ರಿ ಅಂತ ಕೇಳಿ. ಉತ್ತರ ಸರಿಯಾಗಿಯೂ ಇರಬಹುದು, ಪಂಕ್ಚರು, ಗುಂಡಿ, ಏನೋ ಒಂದು. ನಾಲ್ಕಕ್ಕೆ ನಾಲ್ಕೂ ಬದಲಾಗಿದ್ದರೆ ಮಾತ್ರ ಹುಬ್ಬೇರಿಸಿ. ಚಕ್ರದ ಸಂದಿನಿಂದ ಬ್ರೇಕ್ ಡಿಸ್ಕ್ ಕಾಣುತ್ತೆ, ಅದರ ಅಂಚಿನಲ್ಲಿ ಬೆರಳಾಡಿಸಿ. ಕಾರು ತಣ್ಣಗಿರುವಾಗ ಮಾತ್ರ, ಓಡಿಸಿ ಬಂದ ತಕ್ಷಣ ಮುಟ್ಟಿದರೆ ಬೆರಳು ಸುಡುತ್ತೆ. ಪ್ಯಾಡ್ ಉಜ್ಜಿ ಉಜ್ಜಿ ಡಿಸ್ಕ್ ಸವೆದಾಗ ಅಂಚಿನಲ್ಲಿ ಬಾಣಲೆಯ ಕಂಠದ ಹಾಗೆ ಏಣು ಎದ್ದಿರುತ್ತೆ. 9 ಸಾವಿರಕ್ಕೆ ಅಂಥ ಏಣು ಬರಲ್ಲ. ಡ್ರೈವರ್ ಸೀಟಿನ ಬಾಗಿಲ ಕಡೆಯ ಉಬ್ಬನ್ನು ನೋಡಿ. ಸ್ಪೋರ್ಟ್ಸ್ ಕಾರು ತಗ್ಗಾಗಿರೋದರಿಂದ ಹತ್ತುವಾಗ ಇಳಿಯುವಾಗ ಎಲ್ಲರೂ ಅದರ ಮೇಲೇ ಜಾರುತ್ತಾರೆ, ಅಲ್ಲಿನ ಚರ್ಮ ಎಲ್ಲಕ್ಕಿಂತ ಮೊದಲು ಸುಕ್ಕಾಗುತ್ತೆ. ಬ್ರೇಕ್ ಪೆಡಲಿನ ರಬ್ಬರು, ಸ್ಟೇರಿಂಗಿನ ಮೇಲೆ ಹೆಬ್ಬೆರಳು ಕೂರುವ ಜಾಗ, ಇವೂ ಸುಳ್ಳು ಹೇಳಲ್ಲ. ಸ್ಟೇರಿಂಗಿಗೆ ಹೊಸ ಚರ್ಮ ಹೊಲಿಸಿದ್ದರೆ? ಅದೂ ಒಂದು ಉತ್ತರವೇ.

ಕಣ್ಣಿಗೆ ಕಾಣದ ಹಲ್ಲು ಇನ್ನೊಂದಿದೆ, ನನಗೆ ಬಹಳ ಇಷ್ಟವಾದದ್ದು. ಇವತ್ತಿನ ಕಾರಿನಲ್ಲಿ ಒಂದಲ್ಲ, ಹತ್ತಾರು ಕಂಪ್ಯೂಟರ್ ಇರ್ತವೆ. ಮೀಟರ್ ಬೋರ್ಡಿನಲ್ಲಿರುವ ಅಂಕಿಯನ್ನೇ ಕೆಲವು ಕಾರುಗಳು ಎಂಜಿನ್ ಕಂಪ್ಯೂಟರಿನಲ್ಲೋ ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲೋ ಇನ್ನೊಂದು ಸಲ ಬರೆದಿಟ್ಟುಕೊಳ್ಳುತ್ತವೆ. ಕೆಲವು ಜರ್ಮನ್ ಕಾರುಗಳಲ್ಲಿ ಕೀಲಿಯೊಳಗೂ ಇರುತ್ತೆ. ಮೋಸ ಮಾಡುವವನು ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆತಿರ್ತಾನೆ. ಎಂಜಿನ್ ಎಷ್ಟು ಗಂಟೆ ಚಾಲನೆಯಲ್ಲಿತ್ತು ಅನ್ನೋದನ್ನೂ ಬಹಳಷ್ಟು ಕಾರುಗಳು ಲೆಕ್ಕ ಇಡುತ್ತವೆ. ಕಿಲೋಮೀಟರನ್ನು ಗಂಟೆಯಿಂದ ಭಾಗಿಸಿ, ಸರಾಸರಿ ವೇಗ ಬಂತು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಗಂಟೆಗೆ 20 ಕಿಲೋಮೀಟರ್ ಅಂದುಕೊಂಡರೂ 9 ಸಾವಿರಕ್ಕೆ 450 ಗಂಟೆ ಆಗಬೇಕು. ಸ್ಕ್ಯಾನರ್ 1,600 ಗಂಟೆ ತೋರಿಸಿದರೆ? ಸರಾಸರಿ ವೇಗ ಗಂಟೆಗೆ ಆರು ಕಿಲೋಮೀಟರೂ ಇಲ್ಲ. ಅದು ಸ್ಪೋರ್ಟ್ಸ್ ಕಾರಲ್ಲ ಸ್ವಾಮೀ, ಎತ್ತಿನ ಗಾಡಿ.

ಈ ಸ್ಕ್ಯಾನ್ ಮಾಡಿಸಬೇಕಾದ್ದು ಯಾರ್ಡಿನವರು ತೋರಿಸಿದ ಮೆಕ್ಯಾನಿಕ್ ಹತ್ತಿರ ಅಲ್ಲ. ಆ ಬ್ರ್ಯಾಂಡಿನ ಅಧಿಕೃತ ಸರ್ವಿಸ್ ಸೆಂಟರಿಗೇ ಒಯ್ಯಿರಿ, ಲಿಫ್ಟಿನ ಮೇಲೆ ಎತ್ತಿಸಿ, ತಳ ತೋರಿಸಿ ಅನ್ನಿ. ಅಲ್ಲಿ ಚಾಸಿ ನಂಬರ್ ಹಾಕಿದರೆ ಈ ಕಾರು ಯಾವ ತಾರೀಕು, ಎಷ್ಟು ಕಿಲೋಮೀಟರಿಗೆ ಸರ್ವಿಸಿಗೆ ಬಂದಿತ್ತು ಅನ್ನೋದು ಸಿಗುತ್ತೆ. 2022ರಲ್ಲಿ 31 ಸಾವಿರಕ್ಕೆ ಆಯಿಲ್ ಬದಲಾಯಿಸಿದ ಕಾರು ಈಗ 9 ಸಾವಿರ ತೋರಿಸ್ತಿದೆ ಅಂದರೆ ಮಾತು ಮುಗೀತು. ಮಾಹಿತಿ ಕೊಡಲು ಸೆಂಟರಿನವರು ಮಾಲೀಕರ ಒಪ್ಪಿಗೆ ಕೇಳಬಹುದು. ಕೊಡಿಸಿ ಅಂತ ಮಾರುವವರನ್ನೇ ಕೇಳಿ. ತಪಾಸಣೆಗೆ ಕೆಲವು ಸಾವಿರ ರೂಪಾಯಿ ಖರ್ಚಾಗುತ್ತೆ, 20 ಗುಂಟೆ ಎದುರಿಗೆ ಅದು ಲೆಕ್ಕಕ್ಕಿಲ್ಲ. ಕಾರು ಹೊರಗೆ ಕಳಿಸಲ್ಲ ಅಂದರೆ ನೀವೂ ಅಲ್ಲಿ ನಿಲ್ಲಬೇಡಿ.

ಫಾಸ್ಟ್ಯಾಗ್ ಲೆಕ್ಕ ಕೂಡ ಕೇಳಿ. 2021ರ ಫೆಬ್ರವರಿಯಿಂದ ಟೋಲುಗಳಲ್ಲಿ ಫಾಸ್ಟ್ಯಾಗ್ ಕಡ್ಡಾಯ. ಈ ಕಾರು ಎಲ್ಲೆಲ್ಲಿ ಓಡಾಡಿದೆ ಅನ್ನೋದು ಆ ಸ್ಟೇಟ್‌ಮೆಂಟಿನಲ್ಲಿ ತಾರೀಕು, ಗಂಟೆ ಸಮೇತ ಬಿದ್ದಿರುತ್ತೆ. ಬೆಂಗಳೂರು–ಮೈಸೂರು ಹೋಗಿಬಂದರೆ ಹತ್ತಿರ ಹತ್ತಿರ 290 ಕಿಲೋಮೀಟರ್. ವಾರಕ್ಕೊಂದು ಸಲ ಅಂದರೆ ವರ್ಷಕ್ಕೆ 14 ಸಾವಿರ ದಾಟಿತು. ಒಂದೇ ವರ್ಷದ ವೀಕೆಂಡಿಗೆ ಒಂಬತ್ತು ಸಾವಿರದ ಕಥೆ ಬಿದ್ದುಹೋಗುತ್ತೆ. ಮಾರುವವರಿಗೆ ಈ ಸ್ಟೇಟ್‌ಮೆಂಟ್ ತೆಗೆಯೋದು ಎರಡು ನಿಮಿಷದ ಕೆಲಸ. ಕೊಡಲು ಮುಜುಗರ ಪಟ್ಟರೆ ಆ ಮುಜುಗರವನ್ನೂ ಬೆಲೆಯಲ್ಲಿ ಹಿಡೀರಿ.

ಈಗ ಇನ್ನೊಂದು ಮಗ್ಗುಲು. ಒಂಬತ್ತು ಸಾವಿರ ನಿಜ ಅಂತಲೇ ಇಟ್ಟುಕೊಳ್ಳಿ. ಅದು ಒಳ್ಳೇದಾ? ಎಲ್ಲರೂ ಹೌದು ಅಂತಾರೆ. ನಾನು ಪೂರ್ತಿ ಒಪ್ಪಲ್ಲ. ನಂಜನಗೂಡಿನವರಿಗೆ ರಸಬಾಳೆ ಕಥೆ ಹೇಳಬೇಕಾಗಿಲ್ಲ, ಮುಟ್ಟದೆ ಇಟ್ಟ ಮಾತ್ರಕ್ಕೆ ಹಣ್ಣು ಹಾಗೇ ಉಳಿಯಲ್ಲ. ಕಾರೂ ಅಷ್ಟೆ, ಓಡಿದರೂ ಸವೆಯುತ್ತೆ, ನಿಂತರೂ ಸವೆಯುತ್ತೆ. ಟೈರಿನ ರಬ್ಬರು ಐದಾರು ವರ್ಷಕ್ಕೆ ಗಟ್ಟಿಯಾಗುತ್ತೆ. ಗುಂಡಿ ಪೂರ್ತಿ ಇದ್ದರೂ ಹಿಡಿತ ಇರಲ್ಲ, ಮುನ್ನೂರು ಕುದುರೆಶಕ್ತಿಯ ಕಾರಿನಲ್ಲಿ ಅದು ಪ್ರಾಣದ ಪ್ರಶ್ನೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತೆ, ಜೋರಾಗಿ ಬ್ರೇಕ್ ಹಾಕಿ ಬಿಸಿಯಾದಾಗ ಆ ನೀರು ಆವಿಯಾಗಿ ಪೆಡಲು ಮೆತ್ತಗಾಗುತ್ತೆ. ಎಂಜಿನ್ ಆಯಿಲ್ ಸೀಲುಗಳು ಒಣಗಿ ಸೋರಲು ಶುರು ಮಾಡುತ್ತವೆ. ಇನ್ನು ಇಲಿ. ತಿಂಗಳುಗಟ್ಟಲೆ ನಿಂತ ಕಾರಿನ ಬಾನೆಟ್ ಕೆಳಗೆ ಸಂಸಾರ ಹೂಡಿದ ಇಲಿ ಒಂದು ವೈರಿಂಗ್ ಕಟ್ಟು ಕಡಿದರೆ ಸ್ಪೋರ್ಟ್ಸ್ ಕಾರಿನಲ್ಲಿ ಅದರ ಬಿಲ್ಲು ಲಕ್ಷ ದಾಟಬಹುದು. ಭತ್ತದ ಗದ್ದೆ ಬದಿಯ ಮನೆಯ ಮುಂದೆ ಈ ಕಾರು ನಿಲ್ಲಿಸುವವರು ಇದನ್ನು ಮುಂದಕ್ಕೂ ನೆನಪಿಟ್ಟುಕೊಳ್ಳಿ.

ಪೆಟ್ರೋಲಿನ ವಿಷಯವೂ ಇದೆ. ಈಗ ಬಂಕಿನಲ್ಲಿ ಸಿಗೋದು ಇ20, ಅಂದರೆ ಶೇ. 20 ಎಥನಾಲ್ ಬೆರೆತದ್ದು. 2023ರ ಏಪ್ರಿಲ್ ನಂತರದ ಕಾರುಗಳನ್ನು ಇದಕ್ಕೆ ಹೊಂದುವಂತೆ ಮಾಡಿದ್ದಾರೆ. ಅದಕ್ಕಿಂತ ಹಳೇ ಕಾರಿನ ಪೈಪು, ಗ್ಯಾಸ್ಕೆಟ್ಟುಗಳ ರಬ್ಬರು ಎಷ್ಟು ಎಥನಾಲ್ ತಡೆಯುತ್ತೆ ಅನ್ನೋದು ಕಂಪನಿಯ ಕೈಪಿಡಿಯಲ್ಲಿ ಬರೆದಿರುತ್ತೆ, ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಗೂ ಚೀಟಿ ಅಂಟಿಸಿರ್ತಾರೆ. ಎಥನಾಲ್ ನೀರು ಎಳೆದುಕೊಳ್ಳುವ ವಸ್ತು. ದಿನಾ ಓಡುವ ಕಾರಿಗೆ ಅದು ದೊಡ್ಡ ತೊಂದರೆಯಲ್ಲ. ಮೂರು ತಿಂಗಳು ನಿಂತ ಕಾರಿನ ಟ್ಯಾಂಕಿನಲ್ಲಿ ತೊಂದರೆ.

ಹೀಗಾಗಿ ಯಾರಾದರೂ ನನ್ನನ್ನು ಕೇಳಿದರೆ, ಆರು ವರ್ಷಕ್ಕೆ ಮೂರೇ ಸಲ ಸರ್ವಿಸ್ ಕಂಡ 9 ಸಾವಿರದ ಕಾರಿಗಿಂತ, ವರ್ಷ ತಪ್ಪದೆ ಸರ್ವಿಸ್ ಆಗಿ, ಎಲ್ಲಾ ಬಿಲ್ಲೂ ಇರುವ 30 ಸಾವಿರದ ಕಾರು ವಾಸಿ ಅಂತೀನಿ. ಅದು ಅಗ್ಗವೂ ಹೌದು.

ನೀರು ಕುಡಿದ ಕಾರಿನ ಮಾತು ಬಿಡುವ ಹಾಗಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಕಡೆ ಕೋಟಿ ಬೆಲೆಯ ಕಾರುಗಳು ಕುತ್ತಿಗೆ ಮಟ್ಟ ಮುಳುಗಿದ್ದನ್ನು ನೀವು ಟಿವಿಯಲ್ಲೇ ನೋಡಿದ್ದೀರಿ. ಅದಕ್ಕೆ ಮುಂಚೆ 2018ರಲ್ಲಿ ಕೇರಳ, 2015ರಲ್ಲಿ ಚೆನ್ನೈ. ನಂಜನಗೂಡಿನವರಿಗೆ 2019ರ ಆಗಸ್ಟ್ ನೆನಪಿರುತ್ತೆ, ಕಪಿಲೆ ಉಕ್ಕಿ ಮಲ್ಲನಮೂಲೆ ಹತ್ತಿರ ಮೈಸೂರು ಹೆದ್ದಾರಿಯೇ ಬಂದ್ ಆಗಿತ್ತು. ಮುಳುಗಿದ ಕಾರಿಗೆ ವಿಮಾ ಕಂಪನಿ ಪೂರ್ತಿ ನಷ್ಟ ಅಂತ ಬರೆದು ದುಡ್ಡು ಕೊಡುತ್ತೆ. ಆ ಕಾರು ಹರಾಜಾಗುತ್ತೆ, ಯಾರೋ ಕೊಂಡು ಒಣಗಿಸಿ ಪಾಲಿಶ್ ಮಾಡ್ತಾರೆ. ಅಂಥ ಕಾರಿನ ಮೀಟರಿನಲ್ಲೂ ಕಿಲೋಮೀಟರ್ ಕಡಿಮೆಯೇ ಇರುತ್ತೆ, ಪಾಪ, ಅದು ಓಡಿದ್ದೇ ಅಷ್ಟು! ಸೀಟ್ ಬೆಲ್ಟನ್ನು ಕೊನೇತನಕ ಎಳೆದು ನೋಡಿ, ಮಣ್ಣಿನ ಕಲೆ ಅಲ್ಲಿ ಉಳಿದಿರುತ್ತೆ. ಸೀಟಿನ ಕೆಳಗಿನ ಕಬ್ಬಿಣದ ಹಳಿ ತುಕ್ಕು ಹಿಡಿದಿದೆಯಾ, ಕಾರ್ಪೆಟ್ ಎತ್ತಿದರೆ ವಾಸನೆ ಇದೆಯಾ ನೋಡಿ. ಹಿಂದಿನ ಕ್ಲೇಮುಗಳ ವಿವರವನ್ನು ವಿಮಾ ಕಂಪನಿಯಿಂದ ಬರಹದಲ್ಲಿ ತರಿಸಿಕೊಡಿ ಅಂತ ಮಾಲೀಕರನ್ನು ಕೇಳಿ.

ಇನ್ನು ಮಹಾರಾಷ್ಟ್ರದ ನಂಬರ್ ಪ್ಲೇಟು. ಏಳು ಲಕ್ಷ ಯಾಕೆ ಅಗ್ಗ ಅನ್ನೋದರ ಗುಟ್ಟು ಇಲ್ಲಿದೆ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇ. 18. ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. 65 ಲಕ್ಷದ ಹೊಸ ಕಾರಿಗೆ ತೆರಿಗೆ 11 ಲಕ್ಷ 70 ಸಾವಿರ, ಸೆಸ್ ಸೇರಿ ಹತ್ತಿರ ಹತ್ತಿರ 13 ಲಕ್ಷ. ಬೇರೆ ರಾಜ್ಯದ ಹಳೇ ಕಾರು ಇಲ್ಲಿಗೆ ಬಂದರೆ ವಯಸ್ಸು ನೋಡಿ ಇದರಲ್ಲಿ ಕಡಿಮೆ ಮಾಡ್ತಾರೆ. ಆದರೆ ಗಮನಿಸಿ, ಲೆಕ್ಕ ಶುರುವಾಗೋದು ನೀವು ಕೊಟ್ಟ 38 ಲಕ್ಷದ ಮೇಲಲ್ಲ, ಕಾರಿನ ಮೂಲ ಬೆಲೆ 65 ಲಕ್ಷದ ಮೇಲೆ. ಆರು ವರ್ಷದ ಕಾರಿಗೆ ಹೊಸದರ ತೆರಿಗೆಯ ಅರ್ಧಕ್ಕಿಂತ ಜಾಸ್ತಿಯೇ ಬರುತ್ತೆ. ಎಂಟು ಲಕ್ಷ ಅಂತ ಎತ್ತಿಡಿ, ಸರಿಯಾದ ಅಂಕಿ ಆರ್‌ಟಿಒ ಕಚೇರಿಯಲ್ಲಿ ಸಿಗುತ್ತೆ. 38ಕ್ಕೆ ಎಂಟು ಸೇರಿಸಿ, 46. ಕರ್ನಾಟಕದ ನಂಬರಿನ ಕಾರು ಎಷ್ಟಿತ್ತು? 45. ಎಲ್ಲಿ ಹೋಯ್ತು ಏಳು ಲಕ್ಷದ ಲಾಭ?

ತೆರಿಗೆ ಕಟ್ಟದೆ ಮಹಾರಾಷ್ಟ್ರದ ನಂಬರಿನಲ್ಲೇ ಓಡಿಸ್ತೀವಿ ಅಂದರೆ ಅದಕ್ಕೂ ಉತ್ತರ ಇದೆ. ಒಂದು ವರ್ಷ ಮೀರಿ ಬೇರೆ ರಾಜ್ಯದಲ್ಲಿ ಇಟ್ಟುಕೊಂಡ ವಾಹನವನ್ನು ಅಲ್ಲಿ ಮರುನೋಂದಣಿ ಮಾಡಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯೇ ಹೇಳುತ್ತೆ. ಸ್ಪೋರ್ಟ್ಸ್ ಕಾರು ಜನಸಂದಣಿಯಲ್ಲಿ ಮರೆಯಾಗೋ ಗಾಡಿಯೂ ಅಲ್ಲ. 2025ರ ಫೆಬ್ರವರಿ ಆರಂಭದಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆ ಫೆರಾರಿ, ಪೋರ್ಷೆ ಸೇರಿ 30 ಐಷಾರಾಮಿ ಕಾರುಗಳನ್ನು ತೆರಿಗೆ ಬಾಕಿಗೆ ವಶಪಡಿಸಿಕೊಂಡಿತು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಗೆ ದಂಡ ಸೇರಿ ಸುಮಾರು 1 ಕೋಟಿ 42 ಲಕ್ಷ ಕಟ್ಟಿಸಿಕೊಂಡರು. ಅದೇ ತಿಂಗಳು ಇನ್ನೊಂದು ಪ್ರಕರಣ. ಹಿಂದೆ ಅಮಿತಾಭ್ ಬಚ್ಚನ್ ಮತ್ತು ಆಮಿರ್ ಖಾನ್ ಬಳಿ ಇದ್ದ ಎರಡು ಸೆಕೆಂಡ್ ಹ್ಯಾಂಡ್ ರೋಲ್ಸ್ ರಾಯ್ಸ್ ಕಾರುಗಳಿಗೆ ಇಲ್ಲಿ 38 ಲಕ್ಷಕ್ಕೂ ಹೆಚ್ಚು ಬಿತ್ತು. ಕಟ್ಟಿದವರು ಹಳೇ ಯಜಮಾನರಲ್ಲ, ಕೊಂಡು ಓಡಿಸುತ್ತಿದ್ದವರು. ಬೆಂಗಳೂರಿಗೆ ಬಂದ ಸ್ಟಾರ್ ಕಾರಿಗೇ ರಿಯಾಯಿತಿ ಇಲ್ಲ, ಹೆಮ್ಮರಗಾಲಕ್ಕೆ ಹೋಗುವ ಕಾರಿಗೆ ಇರುತ್ತಾ?

ಹಾಗಾದರೆ ನ್ಯಾಯವಾದ ಬೆಲೆ ಯಾವುದು? ನಮ್ಮ ರಾಜ್ಯದ ನಂಬರಿನ, ಅದೇ ವರ್ಷದ, ಅದೇ ಮಾಡೆಲ್ಲಿನ ಕಾರಿನ ಬೆಲೆಯಿಂದ ಶುರು ಮಾಡಿ. ಜಾಹೀರಾತಿನಲ್ಲಿ ಬರೆದ ಬೆಲೆ ಅಲ್ಲ, ವ್ಯವಹಾರ ಮುಗಿದ ಬೆಲೆ. ನಾಲ್ಕು ಕಡೆ ವಿಚಾರಿಸಿದರೆ ಅಂದಾಜು ಸಿಗುತ್ತೆ. ಈ ಕಾರಿಗೆ ಅದು 43 ಲಕ್ಷ ಅಂತ ಬಂದರೆ, ಎಂಟು ಲಕ್ಷ ತೆರಿಗೆ ಕಳೆಯಿರಿ, 35. ಟೈರು ಹಳೇದಾಗಿದ್ದರೆ ನಾಲ್ಕಕ್ಕೆ ಒಂದೂವರೆ ಲಕ್ಷ ಅನ್ನಿ. ನಿಂತ ಕಾರಿಗೆ ಆಯಿಲ್, ಬ್ಯಾಟರಿ, ಬ್ರೇಕ್ ಆಯಿಲ್, ಸಣ್ಣಪುಟ್ಟದ್ದು ಸೇರಿ ಒಂದು ಲಕ್ಷ. ಎನ್‌ಒಸಿ ತರಿಸುವ ಓಡಾಟ, ಅದು ಬರೋತನಕ ಕಾಯುವ ತಿಂಗಳುಗಳು, ಅದಕ್ಕೂ ಏನೋ ಒಂದು ಹಿಡೀರಿ. 32 ಲಕ್ಷದ ಸುತ್ತ ಬಂತು. ಈ ಅಂಕಿಗಳೆಲ್ಲ ಉದಾಹರಣೆಗೆ ನಾನು ಹಿಡಿದವು, ನಿಮ್ಮ ಕಾರಿಗೆ ನಿಮ್ಮ ಅಂಕಿ ಹಾಕಿಕೊಳ್ಳಿ. ಕಳೆಯುವ ಕ್ರಮ ಮಾತ್ರ ಇದೇ.

ಮಾರುವವರು ಹೊಸ ಕಾರಿನ ಹಳೇ ಬೆಲೆ ತೋರಿಸಿ ವಾದ ಮಾಡಿದರೆ ನೆನಪಿಸಿ, 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ. 45ರಿಂದ 50ರಷ್ಟಿದ್ದದ್ದು ಶೇ. 40ಕ್ಕೆ ಇಳಿದಿದೆ. ಹೊಸದು ಇಳಿದಾಗ ಹಳೇದೂ ಇಳಿಯಲೇಬೇಕು. ಇನ್ನು ಕೆಲವು ಯಾರ್ಡುಗಳಲ್ಲಿ ಬೆಲೆ ಮಾತಾಡಿ ಮುಗಿದ ಮೇಲೆ "ಸರ್, ಪ್ಲಸ್ 18 ಪರ್ಸೆಂಟ್ ಜಿಎಸ್‌ಟಿ" ಅಂತಾರೆ. ಹುಷಾರು. ಹಳೇ ಕಾರಿನ ವ್ಯಾಪಾರಿಗೆ ಆ 18 ಪರ್ಸೆಂಟ್ ಇರೋದು ಅವರ ಲಾಭದ ಅಂತರದ ಮೇಲೆ, ಪೂರ್ತಿ ಬೆಲೆ ಮೇಲೆ ಅಲ್ಲ. 34ಕ್ಕೆ ಕೊಂಡು 38ಕ್ಕೆ ಮಾರಿದರೆ ನಾಲ್ಕು ಲಕ್ಷಕ್ಕೆ 72 ಸಾವಿರ. 38 ಲಕ್ಷಕ್ಕೆ ಲೆಕ್ಕ ಹಾಕಿ ಆರು ಲಕ್ಷ 84 ಸಾವಿರ ಕೇಳಿದರೆ ಎದ್ದು ಬನ್ನಿ. ಒಬ್ಬ ಸಾಮಾನ್ಯ ಮಾಲೀಕ ತನ್ನ ಸ್ವಂತ ಕಾರನ್ನು ಇನ್ನೊಬ್ಬರಿಗೆ ಮಾರಿದರೆ ಜಿಎಸ್‌ಟಿಯೇ ಇಲ್ಲ.

ವಿಮಾ ಪಾಲಿಸಿಯಲ್ಲಿರುವ ಐಡಿವಿ ಮೊತ್ತ ತೋರಿಸಿ "ಇದೇ ಸರ್ ಗಾಡಿ ಬೆಲೆ" ಅನ್ನುವವರೂ ಇದ್ದಾರೆ. ಐದು ವರ್ಷದೊಳಗಿನ ಕಾರಿಗೆ ಅದು ಒಂದು ಕೋಷ್ಟಕದ ಪ್ರಕಾರ ಇಳಿಯುತ್ತೆ, ನಾಲ್ಕರಿಂದ ಐದು ವರ್ಷಕ್ಕೆ ಶೇ. 50 ಕಡಿತ. ಐದು ದಾಟಿದ ಮೇಲೆ ಕಂಪನಿ ಮತ್ತು ಮಾಲೀಕರು ಮಾತಾಡಿಕೊಂಡು ಹಾಕಿಕೊಂಡ ಮೊತ್ತ ಅದು, ಮಾರುಕಟ್ಟೆ ಬೆಲೆಗೆ ಸಾಕ್ಷಿಯಾಗಲ್ಲ. ನೋ ಕ್ಲೇಮ್ ಬೋನಸ್ ಕೂಡ ಮಾರಿದವರ ಜೊತೆ ಹೋಗುತ್ತೆ, ಕಾರಿನ ಜೊತೆ ಬರಲ್ಲ.

ಬೆಲೆ ಸರಿ ಹೋಯ್ತು ಅಂತಿಟ್ಟುಕೊಳ್ಳಿ. ಊರಿಗೆ ಹೇಗೆ ಬರುತ್ತೆ? ಕೋಯಿಕ್ಕೋಡಿನಿಂದ ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ಟಿ. ನರಸೀಪುರ ಹಾಯ್ದು ಕೊಳ್ಳೇಗಾಲಕ್ಕೆ ಹೋಗುವ 766ನೇ ಹೆದ್ದಾರಿ ಇದೆ, ಕಡಕೊಳದ ಟೋಲ್ ತನಕ ಮಗರಾಯ ಹಾಡು ಹಾಕಿಕೊಂಡು ಬರ್ತಾನೆ. ಹೆದ್ದಾರಿ ಬಿಟ್ಟು ಊರಿನ ದಾರಿ ಹಿಡಿದ ಮೇಲೆ ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ದಿಬ್ಬದ ಹಾಗೆ ನುಣ್ಣಗೆ. ನಮ್ಮೂರುಗಳಲ್ಲಿ ಅಪಘಾತ ಆದ ಮಾರನೇ ದಿನ ಜನರೇ ಹಾಕಿಕೊಂಡ ಹಂಪು ಅಳತೆಪಟ್ಟಿ ನೋಡಿರಲ್ಲ. ಸ್ವಿಫ್ಟ್ ಕಾರಿಗೆ ನೆಲದಿಂದ 163 ಮಿಲಿಮೀಟರ್ ಎತ್ತರ ಇದೆ. ಸ್ಪೋರ್ಟ್ಸ್ ಕಾರುಗಳಲ್ಲಿ ಬಹಳಷ್ಟು 110ರಿಂದ 135ರ ಒಳಗೆ. ಹಂಪು ಕಿರಿದಾಗಿ ಎತ್ತರವಾಗಿದ್ದರೆ ಮುಂದಿನ ಚಕ್ರ ಇಳಿದು ಹಿಂದಿನದು ಹತ್ತುವ ಮೊದಲು ಹೊಟ್ಟೆ ಉಜ್ಜುತ್ತೆ. ಕೊಳ್ಳುವ ಮುಂಚೆ ಲಿಫ್ಟಿನಲ್ಲಿ ತಳ ನೋಡಿ ಅಂದದ್ದಕ್ಕೆ ಇದೂ ಕಾರಣ, ಹಿಂದಿನ ಯಜಮಾನ ಎಲ್ಲೆಲ್ಲಿ ಓಡಿಸಿದ್ದಾನೆ ಅನ್ನೋದು ಅಲ್ಲಿ ಗೀಚಿರುತ್ತೆ.

ಬಿಡಿಭಾಗದ ವಿಷಯ ಒಂದೇ ಮಾತಿನಲ್ಲಿ ಹೇಳ್ತೀನಿ, ಕಂಪನಿ ದೇಶದಲ್ಲಿ ಉಳಿದಿದೆಯಾ ನೋಡಿ. ಗೋವಾದಲ್ಲಿ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್ ಅನ್ನೋ ಮುದ್ದಾದ ಎರಡು ಸೀಟಿನ ಕಾರು ಎಷ್ಟು ಜನರಿಗೆ ನೆನಪಿದೆ? 2016ರಲ್ಲಿ ಫೋರ್ಡ್ ಮಸ್ಟಾಂಗ್ ಇಲ್ಲಿಗೆ ಬಂದಾಗ ಹುಡುಗರು ಕುಣಿದರು, 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಮಸ್ಟಾಂಗ್ ಕೆಟ್ಟ ಕಾರಲ್ಲ, ನನ್ನನ್ನು ಕೇಳಿದರೆ ಅದರ ವಿ8 ಎಂಜಿನ್ ಸದ್ದಿಗೆ ಸಾಟಿಯಿಲ್ಲ. ಆದರೆ ಇಂಥ ಕಾರಿಗೆ ಒಂದು ಬಂಪರ್ ಬೇಕಾದಾಗ ಹಡಗಿಗೆ ಕಾಯಬೇಕಾಗುತ್ತೆ.

ಕೊನೆಗೆ ಕಾಗದ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ, ವಿಮೆ, ಎಮಿಷನ್ ಟೆಸ್ಟ್, ಬ್ಯಾಂಕ್ ಸಾಲ ಇದೆಯಾ ಕಾಣುತ್ತೆ. ಬಾಕಿ ದಂಡಗಳನ್ನು ಇ-ಚಲನ್‌ನಲ್ಲಿ ನೋಡಿ. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಕಾರಿನ ಮೇಲೆ ಕೆತ್ತಿದ ನಂಬರಿಗೆ ಅಕ್ಷರ ಅಕ್ಷರ ತಾಳೆ ನೋಡಿ. ಬೇರೆ ರಾಜ್ಯದ ಕಾರಿಗೆ ಫಾರಂ 28ರ ಎನ್‌ಒಸಿ, ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30, ಹಳೇ ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರದ ಜೊತೆ ಫಾರಂ 35. ವಿಮೆಯನ್ನು ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಹಾಕಿ. ಇದು ಮಾರುವವರ ಕೆಲಸವೂ ಹೌದು. ಆರ್‌ಸಿಯಲ್ಲಿ ಹೆಸರು ಯಾರದ್ದಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ, ಕಾರು ಮಾರಿ ಎಷ್ಟು ದಿನ ಆಗಿದ್ದರೂ ಸರಿ.

ಮುಂಗಡ ಕೊಡುವ ದಿನ ಒಂದು ಕರಾರು ಬರೆಸಿ. ಅದರಲ್ಲಿ ಮೀಟರಿನಲ್ಲಿರುವ ಕಿಲೋಮೀಟರ್ ಎಷ್ಟು, ಅದು ನಿಜ ಅಂತ ಮಾರುವವರು ಒಪ್ಪಿಕೊಂಡಿದ್ದಾರೆ, ಕಾರು ಪ್ರವಾಹಕ್ಕೆ ಸಿಕ್ಕಿಲ್ಲ, ಸುಳ್ಳಾದರೆ ಪೂರ್ತಿ ಹಣ ವಾಪಸ್ ಅನ್ನೋ ಸಾಲು ಇರಲಿ. ಮೀಟರಿನ ಫೋಟೋ ತೆಗೆದುಕೊಳ್ಳಿ. ಮೋಸವಾದರೆ ವ್ಯಾಪಾರಿ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. 50 ಲಕ್ಷದ ತನಕದ ಖರೀದಿಗೆ ಜಿಲ್ಲಾ ಆಯೋಗವೇ ಸಾಕು, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ವ್ಯಾಪಾರಿ ಅಲ್ಲದ ಖಾಸಗಿ ವ್ಯಕ್ತಿಯಿಂದ ಕೊಂಡಿದ್ದರೆ ಈ ದಾರಿ ಇಲ್ಲ, ಪೊಲೀಸ್ ಠಾಣೆ ಅಥವಾ ಸಿವಿಲ್ ಕೋರ್ಟ್. ಎರಡರಲ್ಲೂ ಆ ಕರಾರಿನ ಸಾಲೇ ನಿಮ್ಮ ಆಸ್ತಿ.

ಹಣ ಪೂರ್ತಿ ಒಂದೇ ಸಲ ಕೊಡಬೇಡಿ. ಎನ್‌ಒಸಿ ಕೈಗೆ ಬಂದ ದಿನ ಇಷ್ಟು, ಕರ್ನಾಟಕದ ಆರ್‌ಸಿ ಮಗನ ಹೆಸರಿಗೆ ಬಂದ ದಿನ ಉಳಿದಷ್ಟು ಅಂತ ಕರಾರಿನಲ್ಲೇ ಹಾಕಿಸಿ. ಮಗ ಒಬ್ಬನೇ ಹೋಗೋದು ಬೇಡ ಯಜಮಾನ್ರೇ, ಹಲ್ಲು ನೋಡುವಾಗ ನೀವೂ ಜೊತೆಗೆ ಹೋಗಿ.